ಡಯಟ್ ಚಾರ್ಟ್ ಯಾರು ಬರೆದುಕೊಳ್ಳುತ್ತಾರೆ?

ತೂಕ ಇಳಿಸುವ ಸರ್ಜರಿ ಅಂದ ಕೂಡಲೇ ನಮ್ಮಲ್ಲಿ ಎರಡು ಮಾತು ಬರುತ್ತವೆ. ಒಂದು, ‘ಅದೆಲ್ಲ ದುಡ್ಡಿದ್ದವರ ಶೋಕಿ’. ಇನ್ನೊಂದು, ‘ಬಾಯಿ ಕಟ್ಟೋಕಾಗದೆ ಹೊಟ್ಟೆ ಕುಯ್ಯಿಸಿಕೊಳ್ತಾರೆ’. ಮದುವೆ ಮನೆಯಲ್ಲೂ ಕೇಳಿದ್ದೇನೆ, ಆಸ್ಪತ್ರೆಯ ಲಿಫ್ಟಿನಲ್ಲೂ ಕೇಳಿದ್ದೇನೆ. ಓದಿದವರೂ ಇದನ್ನೇ ಹೇಳುತ್ತಾರೆ.

ನಾನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಶಿಯನ್. ಈ ಸರ್ಜರಿಗೆ ಬರುವವರೆಲ್ಲ ಡಾಕ್ಟರನ್ನು ನೋಡಿದ ಮೇಲೆ ನನ್ನ ಮುಂದೆ ಕೂರುತ್ತಾರೆ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಅಡುಗೆ ಯಾರು ಮಾಡುತ್ತಾರೆ, ಎಲ್ಲರ ಜೊತೆ ಕೂತು ತಿನ್ನುತ್ತೀರಾ ಅಥವಾ ಆಮೇಲಾ? ಇದನ್ನೆಲ್ಲ ಕೇಳುವುದು ನನ್ನ ಕೆಲಸ. ಊಟದ ಬಗ್ಗೆ ಸುಮ್ನೆ ನಾಲ್ಕು ಪ್ರಶ್ನೆ ಕೇಳಿದರೆ ಸಾಕು, ಮನೆಯ ಕಥೆಯೆಲ್ಲ ಹೊರಗೆ ಬರುತ್ತದೆ. ಯಾರಿಗೆ ಕೆಲಸ ಇದೆ, ಯಾರಿಗೆ ಇನ್ಶೂರೆನ್ಸ್ ಇದೆ, ಯಾರ ಮಾತು ನಡೆಯುತ್ತದೆ, ಎಲ್ಲವೂ. ಹಾಗಾಗಿ ಈ ಸರ್ಜರಿ ಯಾರಿಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ ಅನ್ನುವುದರ ಬಗ್ಗೆ ನನಗೆ ಹೇಳುವುದು ಇದೆ. ಕೆಳಗೆ ಬರುವ ಯಾರ ಗುರುತೂ ಸಿಗದ ಹಾಗೆ ಬರೆದಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. 2022ರಲ್ಲಿ ಬೆಂಗಳೂರಿನಲ್ಲಿ ಚಿಕ್ಕ ವಯಸ್ಸಿನ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ಆಮೇಲೆ ತುಂಬಾ ದಿನ ನಮ್ಮ ಓಪಿಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಅದು ಚರ್ಮದ ಕೆಳಗಿನ ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿ. ನಾನು ಹೇಳುತ್ತಿರುವ ಬೇರಿಯಾಟ್ರಿಕ್ ಸರ್ಜರಿ ಬೇರೆ. ಸ್ಲೀವ್ ಅನ್ನುವುದರಲ್ಲಿ ಜಠರದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಗಡೆ ಒಂದು ಸಣ್ಣ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ತಿನ್ನುವ ಪ್ರಮಾಣವೂ ಕಡಿಮೆಯಾಗುತ್ತದೆ, ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ಎಷ್ಟೋ ಜನರಿಗೆ ತೂಕ ಇಳಿಯುವ ಮೊದಲೇ ಶುಗರ್ ಇಳಿಯಲು ಶುರುವಾಗುತ್ತದೆ. ಅನುಭವ ಇರುವ ಕಡೆ ಮಾಡಿಸಿದರೆ ಜೀವಕ್ಕೆ ಅಪಾಯ ಸಾವಿರಕ್ಕೆ ಒಂದರ ಆಸುಪಾಸು.

ಇದರಿಂದ ಆಯಸ್ಸು ಜಾಸ್ತಿಯಾಗುತ್ತದೆ ಅನ್ನುವುದಕ್ಕೂ ಆಧಾರ ಇದೆ. ಸ್ವೀಡನ್‌ನಲ್ಲಿ 1987ರಲ್ಲಿ ಒಂದು ಅಧ್ಯಯನ ಶುರುವಾಯಿತು. ಸರ್ಜರಿ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಜನ, ಅಷ್ಟೇ ದಪ್ಪ ಇದ್ದು ಮಾಡಿಸಿಕೊಳ್ಳದ ಸುಮಾರು ಎರಡು ಸಾವಿರ ಜನ. ಇಬ್ಬರನ್ನೂ ದಶಕಗಳ ಕಾಲ ಗಮನಿಸಿದರು. 2020ರಲ್ಲಿ ಬಂದ ಲೆಕ್ಕದ ಪ್ರಕಾರ ಸರ್ಜರಿ ಆದವರು ಆಗದವರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದ್ದಾರೆ. ಮೂರು ವರ್ಷದ ಆಯಸ್ಸನ್ನು ಶೋಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಬರುವವರು ಯಾರು? ಜಗತ್ತಿನ ಲೆಕ್ಕ ನೋಡಿದರೆ ಈ ಸರ್ಜರಿ ಮಾಡಿಸಿಕೊಳ್ಳುವವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂವರು ಹೆಂಗಸರು. ಬೊಜ್ಜು ಮಾತ್ರ ಹಾಗೆ ಹಂಚಿಹೋಗಿಲ್ಲ. ಅಮೆರಿಕದಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ಅದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ. ನಮ್ಮ ಕರ್ನಾಟಕದಲ್ಲೂ ಅಷ್ಟೇ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ. 30.1, ಗಂಡಸರಲ್ಲಿ ಶೇ. 30.9 ಜನರ ತೂಕ ಮಿತಿ ಮೀರಿದೆ. ಅಂದರೆ ಹತ್ತರಲ್ಲಿ ಮೂವರು. ಒಂದೇ ಸಮಸ್ಯೆ ಇಬ್ಬರಿಗೂ ಇದ್ದರೂ ಗಂಡಸು ಬರುವ ದಾರಿ ಬೇರೆ, ಹೆಂಗಸು ಬರುವ ದಾರಿ ಬೇರೆ.

ಗಂಡಸರು ಬರುವುದು ಕಾಯಿಲೆಯ ಕಡೆಯಿಂದ. ಶುಗರ್ ಹಿಡಿತಕ್ಕೆ ಬರುತ್ತಿಲ್ಲ, ಸ್ಟೆಂಟ್ ಹಾಕಿದ್ದಾರೆ, ರಾತ್ರಿ ಗೊರಕೆಯಲ್ಲಿ ಉಸಿರು ನಿಲ್ಲುತ್ತದೆ. ಬರುವವರಲ್ಲಿ ಬಿಲ್ಡರ್, ಕಾಂಟ್ರಾಕ್ಟರ್, ವ್ಯಾಪಾರದ ಮನೆಯವರು, ಐಟಿ ಮ್ಯಾನೇಜರ್ ಜಾಸ್ತಿ. ವ್ಯಾಪಾರದ ಮನೆತನಗಳಲ್ಲಿ ಅಣ್ಣ ಮಾಡಿಸಿಕೊಂಡರೆ ಮುಂದಿನ ವರ್ಷ ಭಾವ ಬರುತ್ತಾರೆ, ಆಮೇಲೆ ಅತ್ತಿಗೆ. ಅವರಿಗೆ ಮುಚ್ಚುಮರೆ ಇಲ್ಲ, ಅದು ಒಳ್ಳೆಯದೇ. ದೊಡ್ಡ ರಾಜಕಾರಣಿಗಳೂ ಮಾಡಿಸಿಕೊಂಡಿದ್ದಾರೆ. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ. ಇಬ್ಬರಿಗೂ ಶುಗರ್ ಇತ್ತು. ಆ ಸುದ್ದಿಯನ್ನು ನಾವೆಲ್ಲ ಚಿಕಿತ್ಸೆಯ ಸುದ್ದಿ ಅಂತಲೇ ಓದಿದೆವು.

ಹೆಣ್ಣುಮಕ್ಕಳಿಗೆ ಆ ಮರ್ಯಾದೆ ಇಲ್ಲ. ಅವರಿಗೂ ಶುಗರ್ ಇರುತ್ತದೆ, ಮಂಡಿ ಸವೆದಿರುತ್ತದೆ, ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ, ಅಂದರೆ ಪಿಸಿಓಡಿ ಇರುತ್ತದೆ. ಆದರೂ ಮನೆಯವರು ಶುರು ಮಾಡುವುದು ರೂಪದಿಂದ. ಒಬ್ಬ ತಾಯಿ ನನ್ನ ಟೇಬಲ್ಲಿನ ಮೇಲೆ ಲಗ್ನಪತ್ರಿಕೆ ಇಟ್ಟರು. ‘ಮುಹೂರ್ತಕ್ಕೆ ಎಷ್ಟು ಇಳೀತಾಳೆ ಹೇಳಿ ಮೇಡಂ’ ಅಂದರು. ಮಗಳು ಇಂಜಿನಿಯರ್, ಪಕ್ಕದಲ್ಲೇ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಸರ್ಜರಿ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು ಅಂದೆ. ಗಂಡಿನ ಕಡೆಯವರಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ಅಲ್ಲಿಂದ ಮುಂದಿನ ಮಾತೆಲ್ಲ. ಕೊನೆಗೆ ಅವರು ಆರಿಸಿಕೊಂಡ ದಾರಿ ನಾನು ಬಹಳ ಸಲ ಕಂಡಿದ್ದೇ: ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿದೆ ಅಂತ ಹೇಳುವುದು. ಎರಡೂ ಲ್ಯಾಪರೊಸ್ಕೋಪಿ, ಹೊಟ್ಟೆಯ ಮೇಲೆ ಉಳಿಯುವುದು ಅದೇ ನಾಲ್ಕೈದು ಸಣ್ಣ ಗಾಯದ ಗುರುತು. ಹಾಗೆ ಹೇಳಿದ ಹುಡುಗಿ ಮದುವೆಯಾದ ಮೇಲೆ ಬಿ12, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯನ್ನು ಬೀರುವಿನಲ್ಲಿ ಸೀರೆ ಮಧ್ಯೆ ಇಟ್ಟುಕೊಂಡು ನುಂಗಬೇಕು. ಜೀವನ ಪೂರ್ತಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು.

ಇಲ್ಲಿ ನಾನು ಹುಡುಗಿಯನ್ನೂ ದೂರುವುದಿಲ್ಲ, ಆ ತಾಯಿಯನ್ನೂ ಪೂರ್ತಿ ದೂರುವುದಿಲ್ಲ. ಹತ್ತು ಗಂಡು ನೋಡಿಕೊಂಡು ಹೋದ ಮೇಲೆ ಆ ಮನೆಯಲ್ಲಿ ಏನು ನಡೆದಿರುತ್ತದೆ ಅಂತ ನಮಗೆಲ್ಲ ಗೊತ್ತಿದೆ, ಅಲ್ವಾ?

ಇನ್ನೊಂದು ಗುಂಪು ಇದೆ, ಇವರ ಬಗ್ಗೆ ಯಾರೂ ಬರೆಯುವುದಿಲ್ಲ. ಐವತ್ತು ದಾಟಿದ ಅಮ್ಮಂದಿರು. ಹಾಸನ, ಚಿಕ್ಕಮಗಳೂರು, ತುಮಕೂರು ಕಡೆಯವರು. ಹದಿನೈದು ವರ್ಷದಿಂದ ಮಂಡಿನೋವು, ಹತ್ತು ವರ್ಷದಿಂದ ಶುಗರ್. ಈಗ ಯಾಕೆ ಬಂದಿರಿ ಅಂದರೆ ಉತ್ತರ ಒಂದೇ: ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಕಂಪನಿಯ ಪಾಲಿಸಿಯಲ್ಲಿ ಅಪ್ಪ ಅಮ್ಮನ ಹೆಸರೂ ಇದೆ. ಅವರ ಕಾಯಿಲೆಗೆ ಚಿಕಿತ್ಸೆ ಶುರುವಾಗಿದ್ದು ಮಗನ ಆಫರ್ ಲೆಟರ್ ಬಂದ ದಿನ. ಮಗ ಕೆಲಸ ಬಿಟ್ಟರೆ ಪಾಲಿಸಿಯೂ ಹೋಗುತ್ತದೆ. ಮಕ್ಕಳಿಗೆ ಅಂಥ ಕೆಲಸ ಸಿಗದ ಅಮ್ಮಂದಿರು ಎಷ್ಟು ಜನ ಇದ್ದಾರೆ ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ಶೂರೆನ್ಸ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೆಲ್ಲ ಬೊಜ್ಜಿನ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳು ದುಡ್ಡೇ ಕೊಡುತ್ತಿರಲಿಲ್ಲ. ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ. ಅದರ ನಿಯಮ ಬದಲಾಗಿ 2020ರಿಂದ ಷರತ್ತಿನ ಮೇಲೆ ದಾರಿ ತೆರೆಯಿತು. ಷರತ್ತು ಏನು? ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಅಳತೆ, 40 ಇರಬೇಕು. ಅಥವಾ 35 ಇದ್ದು, ಜೊತೆಗೆ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ಇರಬೇಕು: ಬೊಜ್ಜಿನಿಂದ ಬಂದ ಹೃದಯದ ಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವುದು), ಹಿಡಿತಕ್ಕೆ ಬರದ ಟೈಪ್ 2 ಶುಗರ್.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಸವೆದ ಮಂಡಿ ಇದರಲ್ಲಿಲ್ಲ. ಪಿಸಿಓಡಿ ಇಲ್ಲ. ಮಕ್ಕಳಾಗದಿರುವುದು ಇಲ್ಲ. ನಮ್ಮ ಹೆಣ್ಣುಮಕ್ಕಳು ಮೊದಲು ಹೇಳಿಕೊಳ್ಳುವ ಮೂರೂ ತೊಂದರೆ ಲೆಕ್ಕಕ್ಕೇ ಬಂದಿಲ್ಲ.

ಅಂಕಿಯದ್ದೂ ಒಂದು ಸಮಸ್ಯೆ ಇದೆ. 40 ಮತ್ತು 35 ಅನ್ನುವುದು ಅಮೆರಿಕದಲ್ಲಿ 1991ರಲ್ಲಿ ಮಾಡಿದ ಗೆರೆ. ನಮ್ಮ ದೇಹ ಬೇರೆ. ಕಡಿಮೆ ತೂಕದಲ್ಲೇ ನಮಗೆ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ, ಬೇಗ ಶುಗರ್ ಬರುತ್ತದೆ. ಅದಕ್ಕೇ ನಮ್ಮ ದೇಶದ ತಜ್ಞರು 2009ರಲ್ಲೇ ಕೂತು ಮಾತಾಡಿ 37.5, ಕಾಯಿಲೆ ಇದ್ದರೆ 32.5 ಅಂತ ಇಳಿಸಿದರು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಗಳು ಸೇರಿ ಹಳೆಯ ಗೆರೆ ಬಿಟ್ಟು, ಏಷ್ಯಾದವರಿಗೆ 27.5ರಿಂದಲೇ ಇದನ್ನು ಯೋಚಿಸಬಹುದು ಅಂದವು. ಪಾಲಿಸಿಯಲ್ಲಿ ಮಾತ್ರ ಇನ್ನೂ ಹಳೆಯ ಗೆರೆಯೇ ನಿಂತಿದೆ.

ಇದರಿಂದ ಏನಾಗುತ್ತದೆ ನೋಡಿ. ಐದು ಅಡಿ ಒಂದು ಇಂಚು ಎತ್ತರದ ಶಾಲಾ ಟೀಚರ್ ಒಬ್ಬರು ಬಂದಿದ್ದರು. ತೂಕ 80 ಕೆಜಿ. ದಿನಕ್ಕೆ ಎರಡು ಸಲ ಇನ್ಸುಲಿನ್, ಆದರೂ ಶುಗರ್ ಇಳಿಯುತ್ತಿಲ್ಲ. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ 78 ಕೆಜಿ ದಾಟಿದರೆ ಸಾಕು, ಸರ್ಜರಿ ಮಾಡಬಹುದು. ಪಾಲಿಸಿ ಪ್ರಕಾರ 84 ಆಗಬೇಕು. ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕ್ಲೇಮ್ ನೋಡುವ ಟಿಪಿಎ ಡೆಸ್ಕಿನಿಂದ ವಾಪಸ್ ಬಂದು ನನ್ನ ಹತ್ತಿರ ಮೆಲ್ಲಗೆ ಕೇಳಿದರು, ‘ಮೇಡಂ, ನಾಲ್ಕು ಕೆಜಿ ಜಾಸ್ತಿ ಮಾಡ್ಕೊಂಡು ಬರ್ಲಾ?’ ನಿಜವಾಗಲೂ ಕೇಳುತ್ತಿದ್ದರು. ತೂಕ ಇಳಿಸಲು ಅಷ್ಟು ವರ್ಷ ಒದ್ದಾಡಿದ ಹೆಂಗಸು, ಚಿಕಿತ್ಸೆ ಸಿಗಲಿ ಅಂತ ತೂಕ ಏರಿಸಿಕೊಳ್ಳಲು ತಯಾರಾಗಿದ್ದರು. ಬೇಡ ಅಂದೆ. ಬೇಡ ಅಂದಮೇಲೆ ಕೊಡಲು ನನ್ನ ಹತ್ತಿರ ಏನಿತ್ತು? ಒಂದು ಡಯಟ್ ಶೀಟ್.

ಈಗ ಬರದೇ ಇರುವವರ ವಿಷಯ. ಬೆಂಗಳೂರಿನಲ್ಲಿ ಈ ಸರ್ಜರಿಗೆ ಮೂರರಿಂದ ಐದು ಲಕ್ಷ ಆಗುತ್ತದೆ. ಮನೆಗೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಟೋ ಓಡಿಸುವವರು ನಮ್ಮ ವಿಭಾಗದಲ್ಲಿ ಕಾಣುವುದು ಅಪರೂಪಕ್ಕಿಂತ ಅಪರೂಪ. ಅವರಲ್ಲಿ ದಪ್ಪ ಇರುವವರು ಇಲ್ಲ ಅಂತ ಅಲ್ಲ. ದೇಶದ ಲೆಕ್ಕ ನೋಡಿದರೆ ಊರಿನ ಕಡೆ ಹೆಂಗಸರಲ್ಲಿ ಶೇ. 19.7, ನಗರದಲ್ಲಿ ಶೇ. 33.2 ಜನರ ತೂಕ ಮಿತಿ ಮೀರಿದೆ. ನಗರದ ಆ ಲೆಕ್ಕದಲ್ಲಿ ಅಪಾರ್ಟ್‌ಮೆಂಟಿನವರೂ ಇದ್ದಾರೆ, ಪಕ್ಕದ ಒಂದೇ ರೂಮಿನ ಮನೆಯವರೂ ಇದ್ದಾರೆ. ಅಂಥ ಮನೆಯ ಗಾರ್ಮೆಂಟ್ಸ್ ಹೆಣ್ಣುಮಗಳ ದಿನ ನೋಡಿ: ಬೆಳಿಗ್ಗೆ ಆರಕ್ಕೆ ಬನ್ ಮತ್ತು ಟೀ, ಮಧ್ಯಾಹ್ನ ಅನ್ನ, ಸಂಜೆ ಎಣ್ಣೆಯಲ್ಲಿ ಕರಿದದ್ದು, ರಾತ್ರಿ ಹತ್ತಕ್ಕೆ ಮತ್ತೆ ಅನ್ನ. ಬೇಳೆ ತೆಳ್ಳಗೆ, ಮೊಟ್ಟೆ ವಾರಕ್ಕೊಮ್ಮೆ. ದಿನವಿಡೀ ಮಷಿನ್ ಮುಂದೆ ಕೂತ ಕೆಲಸ. ಇಂಥವರು ನಮ್ಮ ಬಳಿಗೆ ಬರುವ ಮೊದಲೇ ಬೀದಿಯಲ್ಲಿ ಶೇಕ್ ಕುಡಿಸುವ ಕ್ಲಬ್ಬಿಗೋ, ಯಾರೋ ಮಾರುವ ಕಷಾಯದ ಪುಡಿಗೋ ದುಡ್ಡು ಸುರಿದಿರುತ್ತಾರೆ. ಸೋಮಾರಿಗಳು ಅನ್ನುವವರು ಅವರ ಒಂದು ದಿನದ ಕೆಲಸ ನೋಡಬೇಕು.

ಒಬ್ಬ ಕ್ಯಾಬ್ ಡ್ರೈವರ್ ನನ್ನ ಮನಸ್ಸಿನಿಂದ ಹೋಗಿಲ್ಲ. ಏರ್‌ಪೋರ್ಟಿಗೆ ರಾತ್ರಿ ಟ್ರಿಪ್ ಹೊಡೆಯುತ್ತಿದ್ದರು. 118 ಕೆಜಿ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿದ್ದೆ ಹೋಗಿ, ಹಿಂದಿನ ಸೀಟಿನವರು ಭುಜ ಅಲ್ಲಾಡಿಸಿ ಎಬ್ಬಿಸಿದ್ದರಂತೆ. ಶ್ವಾಸಕೋಶದ ಡಾಕ್ಟರ್ ನಿದ್ದೆಯ ಪರೀಕ್ಷೆ ಮಾಡಿಸಿ ನಮ್ಮಲ್ಲಿಗೆ ಕಳಿಸಿದ್ದರು. ಗಂಟೆಗೆ ಅರವತ್ತಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುತ್ತಿತ್ತು. ಯಾವ ಗೆರೆ ಹಾಕಿದರೂ ಸರ್ಜರಿ ಬೇಕಾದ ಮನುಷ್ಯ. ಪಾಲಿಸಿ ಇಲ್ಲ, ಕಾರಿನ ಸಾಲ ಇನ್ನೂ ತೀರಿಲ್ಲ. ಎಸ್ಟಿಮೇಟ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. ‘ಊಟದ ಚಾರ್ಟ್ ಒಂದು ಬರ್ಕೊಡಿ ಮೇಡಂ, ಅದಕ್ಕೆ ಬೇರೆ ಚಾರ್ಜ್ ಇದೆಯಾ?’ ಅಂದರು. ಮತ್ತೆ ಬರಲಿಲ್ಲ. ಆ ಕಾರಿನಲ್ಲಿ ಈಗಲೂ ಯಾರೋ ಏರ್‌ಪೋರ್ಟಿಗೆ ಹೋಗುತ್ತಿರಬಹುದು.

ಸರ್ಜರಿ ಸಿಕ್ಕವರ ನಡುವೆಯೂ ಎಲ್ಲರ ಪಾಡು ಒಂದೇ ಅಲ್ಲ. ತಲೆಬರಹದಲ್ಲಿ ಕೇಳಿದ ಪ್ರಶ್ನೆ ಇದೇ.

ಗಂಡಸಿಗೆ ಸರ್ಜರಿ ಅಂದಾಗ ನನ್ನ ಸೆಷನ್ನಿಗೆ ಇಬ್ಬರು ಬರುತ್ತಾರೆ. ಗಂಡ ಫೋನ್ ನೋಡುತ್ತಿರುತ್ತಾರೆ. ಹೆಂಡತಿ ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಾರೆ. ಮೊದಲ ಎರಡು ವಾರ ದ್ರವ, ಆಮೇಲೆ ಮೆತ್ತಗಿನದು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಊಟದ ಜೊತೆ ನೀರು ಕುಡಿಯಬಾರದು. ‘ಹೆಸರುಬೇಳೆ ಕಟ್ಟು ಕೊಡಬಹುದಾ? ಪನೀರ್ ಮನೆಯಲ್ಲೇ ಮಾಡಿದ್ರೆ ನಡೆಯುತ್ತಾ? ಆಫೀಸಿಗೆ ಏನು ಕಟ್ಟಲಿ?’ ಎಲ್ಲ ಪ್ರಶ್ನೆಯೂ ಹೆಂಡತಿಯದೇ. ಅವರಿಗೆ ಬೇರೆ ಅಡುಗೆ, ಮಕ್ಕಳಿಗೆ ಬೇರೆ, ಅತ್ತೆ ಮಾವನಿಗೆ ಬೇರೆ. ಮೂರು ಅಡುಗೆ ಮಾಡುತ್ತಾರೆ, ಮರುಮಾತಿಲ್ಲ.

ಹೆಂಗಸಿಗೆ ಸರ್ಜರಿ ಅಂದಾಗಲೂ ಬರೆದುಕೊಳ್ಳುವುದು ಆಕೆಯೇ. ಗಂಡ ಕಾರ್ ಪಾರ್ಕ್ ಮಾಡಿ ಬರುತ್ತೇನೆ ಅಂದವರು ಬಿಲ್ಲಿಂಗ್ ಕೌಂಟರ್ ಹತ್ತಿರ ಸಿಗುತ್ತಾರೆ. ಸರ್ಜರಿ ಆಗಿ ಹತ್ತು ದಿನಕ್ಕೆ ಆಕೆ ಒಲೆಯ ಮುಂದೆ ನಿಂತಿರುತ್ತಾರೆ. ಮನೆಗೆಲ್ಲ ಸಾರು, ಪಲ್ಯ, ಮುದ್ದೆ ಮಾಡಿ ಬಡಿಸಿ, ತಾನು ನಾಲ್ಕು ಚಮಚ ಬೇಳೆ ಕಟ್ಟು ಕುಡಿಯಬೇಕು. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ತಿನ್ನಿ ಅಂತ ನಾನು ಹೇಳಿರುತ್ತೇನೆ. ‘ಆರು ಸಲ ತಿಂತಾ ಕೂತರೆ ಅತ್ತೆ ಏನಂತಾರೆ ಮೇಡಂ?’ ಅಂತ ನೇರವಾಗಿ ಕೇಳಿದವರಿದ್ದಾರೆ. ಮೊಟ್ಟೆ ಮನೆಯೊಳಗೆ ಬರುವ ಹಾಗಿಲ್ಲ. ಪ್ರೋಟೀನ್ ಪುಡಿ ಡಬ್ಬಿಗೆ ದುಡ್ಡು ಕೇಳಬೇಕು. ಮಾತ್ರೆ, ಪುಡಿ ಸೇರಿ ತಿಂಗಳಿಗೆ ಎರಡು ಸಾವಿರದವರೆಗೂ ಆಗುತ್ತದೆ, ಇದಕ್ಕೆ ಪಾಲಿಸಿ ಕೊಡುವುದಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಕೂದಲು ಉದುರಲು ಶುರುವಾಗುತ್ತದೆ. ಅದು ತಾನಾಗಿ ನಿಲ್ಲುತ್ತದೆ, ಆದರೆ ಅಷ್ಟರಲ್ಲಿ ಮನೆಯಲ್ಲಿ ‘ಸುಮ್ನೆ ಇದ್ದಿದ್ರೆ ಆಗ್ತಿತ್ತು’ ಅನ್ನುವ ಮಾತು ಬಂದಿರುತ್ತದೆ.

ಇದರ ಜೊತೆ ರಕ್ತಹೀನತೆ ಸೇರಿಸಿಕೊಳ್ಳಿ. ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ. ದಪ್ಪ ಇದ್ದವರಿಗೆ ರಕ್ತ ಕಡಿಮೆ ಇರುವುದಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ನನ್ನ ಮುಂದೆ ಬರುವ ರಿಪೋರ್ಟ್‌ಗಳು ಹಾಗೆ ಹೇಳುವುದಿಲ್ಲ. ಅನ್ನ ತಿಂದು ತೂಕ ಬಂದಿದೆ, ಕಬ್ಬಿಣ ಸೇರಿಲ್ಲ. ಸರ್ಜರಿ ಆದ ಮೇಲೆ ಕಬ್ಬಿಣ ಹೀರಿಕೊಳ್ಳುವುದು ಇನ್ನೂ ಕಷ್ಟ, ಬೈಪಾಸ್ ಆದವರಿಗಂತೂ ಜಾಸ್ತಿ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದು ಮಾಡಿಸಿಕೊಂಡವರು ಒಂದೆರಡು ಸಲ ಫಾಲೋ-ಅಪ್‌ಗೆ ಬಂದು ಆಮೇಲೆ ನಿಲ್ಲಿಸಿಬಿಡುತ್ತಾರೆ. ರಜೆಗೆ ಅಂತ ಬಂದು ಮಾಡಿಸಿಕೊಂಡು ದುಬೈಗೋ ಅಮೆರಿಕಕ್ಕೋ ವಾಪಸ್ ಹೋಗುವ ನಮ್ಮವರದೂ ಇದೇ ಕಥೆ. ಅವರು ಅಲ್ಲಿಂದ ವಾಟ್ಸಾಪಿನಲ್ಲಾದರೂ ರಿಪೋರ್ಟ್ ಕಳಿಸುತ್ತಾರೆ.

ತೂಕ ಇಳಿದ ಮೇಲೆ ಮನೆಯೊಳಗೂ ಬದಲಾವಣೆ ಆಗುತ್ತದೆ. 2018ರಲ್ಲಿ ಸ್ವೀಡನ್‌ನಿಂದಲೇ ಇನ್ನೊಂದು ಅಧ್ಯಯನ ಬಂತು. ಸರ್ಜರಿ ಆದ ಒಂಟಿ ಜನರಿಗೆ ಮದುವೆ, ಸಂಬಂಧ ಕೂಡಿಬರುವುದು ಜಾಸ್ತಿ ಆಗಿತ್ತು. ಮೊದಲೇ ಸಂಬಂಧದಲ್ಲಿದ್ದವರಲ್ಲಿ ಬೇರೆಯಾಗುವುದೂ ಜಾಸ್ತಿ ಆಗಿತ್ತು. ನಮ್ಮ ಮನೆಗಳಲ್ಲಿ ಬೇರೆಯಾಗುವುದು ಅಷ್ಟು ಸುಲಭ ಇಲ್ಲ. ಆದರೆ ಮೂವತ್ತು ಕೆಜಿ ಇಳಿದ ಮೇಲೆ ಮೊದಲ ಸಲ ಸ್ಕೂಟರ್ ಕಲಿತವರನ್ನು, ನಿಂತುಹೋದ ಕೆಲಸಕ್ಕೆ ಮತ್ತೆ ಸೇರಿದವರನ್ನು ನೋಡಿದ್ದೇನೆ. ‘ಈಗ ಇವಳ ಬಾಯಿ ಜಾಸ್ತಿ ಆಗಿದೆ’ ಅಂತ ಗಂಡ ನನ್ನ ಹತ್ತಿರ ದೂರು ಹೇಳಿದ್ದೂ ಇದೆ. ನನಗೆ ಆ ದೂರು ಕೇಳಿ ಖುಷಿಯಾಯಿತು.

ಈಗ ಇಂಜೆಕ್ಷನ್ ಬಂದಿದೆಯಲ್ಲ, ಸರ್ಜರಿ ಯಾಕೆ ಅಂತ ಕೇಳುತ್ತಾರೆ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶಕ್ಕೆ ಬಂದವು. ಒಳ್ಳೆಯ ಔಷಧಿಗಳೇ. ಆದರೆ ಮೌಂಜಾರೋ ಬಂದಾಗ ಶುರುವಿನ ಡೋಸ್‌ಗೇ ವಾರಕ್ಕೆ 3,500 ರೂಪಾಯಿ, ತಿಂಗಳಿಗೆ 14,000. ನಿಲ್ಲಿಸಿದರೆ ತೂಕ ವಾಪಸ್ ಬರುವುದು ಜಾಸ್ತಿ. ಅಲ್ಲೂ ಬಾಗಿಲು ತೆರೆದಿರುವುದು ಅದೇ ಜನಕ್ಕೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪಾಲಿಸಿಯ ಷರತ್ತಿನಲ್ಲಿ ನಮ್ಮ ದೇಶದ ತಜ್ಞರ ಗೆರೆ ಬರಲಿ, ಮಂಡಿ ಮತ್ತು ಪಿಸಿಓಡಿ ಆ ಪಟ್ಟಿಗೆ ಸೇರಲಿ. ದೆಹಲಿಯ ಏಮ್ಸ್‌ನಂಥ ಸರ್ಕಾರಿ ಸಂಸ್ಥೆಯಲ್ಲಿ ಈ ಸರ್ಜರಿ ನಡೆಯುತ್ತದೆ. ಹಾಗೆಯೇ ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಬಡವರಿಗೆ ಸಿಗುವಂತಾಗಲಿ. ಆ ಡ್ರೈವರ್‌ನಂಥವರಿಗೆ ಇದು ಲಕ್ಸುರಿ ಅಲ್ಲ. ಇನ್ನೊಂದು: ಆಸ್ಪತ್ರೆಗಳು ದಾಖಲೆಯಲ್ಲಿ ತೂಕ, ಶುಗರ್ ಮಾತ್ರ ಬರೆದರೆ ಸಾಲದು. ಕೆಲಸ ಏನು, ದುಡ್ಡು ಯಾರು ಕೊಟ್ಟರು, ಅಡುಗೆ ಯಾರು ಮಾಡುತ್ತಾರೆ, ಎಷ್ಟು ದೂರದಿಂದ ಬಂದರು ಅನ್ನುವುದನ್ನೂ ಬರೆಯಬೇಕು. ಇಲ್ಲದಿದ್ದರೆ ಯಾರು ಹೊರಗುಳಿದರು ಅಂತ ಗೊತ್ತೇ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ಯೋಚಿಸುತ್ತಿದ್ದರೆ ಎರಡು ವಿಷಯ. ಹಿಂದಿನ ಶುಗರ್ ರಿಪೋರ್ಟ್, ನಿದ್ದೆಯ ಪರೀಕ್ಷೆ, ತೂಕ ಇಳಿಸಲು ಮೊದಲು ಮಾಡಿದ ಪ್ರಯತ್ನದ ಚೀಟಿಗಳು, ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಬೇರೆ ದಾರಿ ಫಲ ಕೊಡಲಿಲ್ಲ ಅನ್ನುವುದಕ್ಕೆ ಪಾಲಿಸಿಯವರು ಅದನ್ನೇ ಕೇಳುತ್ತಾರೆ. ಮತ್ತೆ, ಹೆಂಡತಿಗೆ ಸರ್ಜರಿ ಅಂದರೆ ಗಂಡಂದಿರೇ, ಡಯಟ್ ಸೆಷನ್ನಿಗೆ ಒಳಗೆ ಬನ್ನಿ. ಪೆನ್ನು ನಾನು ಕೊಡುತ್ತೇನೆ.